ಬೆರಳ ಗೆಣ್ಣಿನ ಮೇಲೆ ಫೋರ್ಸೆಪ್ಸ್

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರೂ ಹೇಳುವುದು ಒಂದೇ: ಹಿರಿಯ ಮೇಡಂ ಕೈಯಲ್ಲಿ ಪೆಟ್ಟು ತಿಂದವರೇ ಇವತ್ತು ಚಿನ್ನದಂಥ ನರ್ಸ್‌ಗಳಾಗಿದ್ದಾರೆ. ನಾನು ಒಪ್ಪುವುದಿಲ್ಲ. ಪೆಟ್ಟು ತಿಂದು ಬಿಟ್ಟುಹೋದವರ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲವಲ್ಲ! ಉಳಿದವರನ್ನಷ್ಟೇ ಸಾಕ್ಷಿಗೆ ಕರೆದರೆ ಯಾವ ವಾದವೂ ಗೆಲ್ಲುತ್ತದೆ.

ನಾವು ಕೆಲಸ ಕಲಿತದ್ದು ಹೊಸಪೇಟೆಯ ಆಸ್ಪತ್ರೆಯೊಂದರ ವಾರ್ಡಿನಲ್ಲಿ. ಮೇಡಂ ಕೋಟಿನ ಜೇಬಿನಲ್ಲಿ ಫೋರ್ಸೆಪ್ಸ್, ಅಂದರೆ ಸ್ಟೀಲಿನ ಇಕ್ಕಳ, ಇರುತ್ತಿತ್ತು. ಸೂಜಿಗೆ ನರ ಸಿಗದಿದ್ದರೆ ಅದರ ಹಿಡಿಕೆಯಿಂದ ಬೆರಳ ಗೆಣ್ಣಿಗೆ ಏಟು, ರೋಗಿಯ ಎದುರಿಗೇ. ಮತ್ತೆ ತಪ್ಪಿದರೆ ಅದೇ ಗೆಣ್ಣಿಗೆ, ಇನ್ನೂ ಜೋರಾಗಿ. ವಾರ್ಡಿಗೆ ಹೋಗುವ ಮುಂಚೆ ನಾವೆಲ್ಲ ಬೆರಳಿಗೆ ಟೇಪ್ ಸುತ್ತಿ, ಮೇಲೆ ಗ್ಲೌಸ್ ಹಾಕಿಕೊಳ್ಳುತ್ತಿದ್ದೆವು. ಅದೇ ನಮ್ಮ ಮೊದಲ ಪಾಠ.

ಆ ದಿನ ಬುಕ್ಕಸಾಗರದ ನನ್ನ ಗೆಳತಿಯ ಸರದಿ. ಕಂಪ್ಲಿ ಕಡೆಯ, ಕಬ್ಬು ಕಡಿಯುವ ಹೆಂಗಸೊಬ್ಬಳಿಗೆ ಡ್ರಿಪ್ ಹಾಕಬೇಕಿತ್ತು. ಮೊದಲ ಚುಚ್ಚು ತಪ್ಪಿತು. ಗೆಣ್ಣಿಗೆ ಫೋರ್ಸೆಪ್ಸ್ ಏಟು ಬಿತ್ತು. ಹಳೆಯ ಗಾಯ ಒಡೆದು ಗ್ಲೌಸಿನೊಳಗೆ ರಕ್ತ ಹರಡಿತು.

"ಕೈ ನಡುಗ್ತಾವೇನೇ? ರೊಟ್ಟಿ ಬಡಿಯಾಕ ಹೋಗು, ಇಲ್ಲ್ಯಾಕ ಬಂದಿ?" ಎಂದರು ಮೇಡಂ.

"ಹೊಡೀಬ್ಯಾಡ್ರಿ ಅಮ್ಮಾರ, ಸಣ್ಣ ಹುಡುಗಿ," ಎಂದಳು ಮಂಚದ ಮೇಲಿನ ಹೆಂಗಸು. "ಚುಚ್ಚಿಸ್ಕೊಂಡಾಕಿ ನಾನು. ನಾನ ಸುಮ್ನ ಅದೀನಿ, ನಿಮಗ್ಯಾಕ ಅಷ್ಟು ಸಿಟ್ಟು?"

ಎರಡನೇ ಸಲವೂ ನರ ಸಿಗಲಿಲ್ಲ. ಗೆಳತಿ ಬಾಯಿ ಬಿಡಲಿಲ್ಲ. ಸಿಕ್ಕಿತೆಂಬಂತೆ ಟೇಪ್ ಅಂಟಿಸಿ ಡ್ರಿಪ್ ಶುರು ಮಾಡಿಬಿಟ್ಟಳು. ಮೇಡಂ ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸಿನ ಮುಂಗೈ ಊದಿ ಹೊಳೆಯುತ್ತಿತ್ತು. ಔಷಧವೆಲ್ಲ ನರದ ಹೊರಗೆ, ಮಾಂಸದೊಳಗೆ ಇಳಿದಿತ್ತು. ಚರ್ಮ ಕಪ್ಪಾಗಿ ಬೊಬ್ಬೆ ಎದ್ದಿತು. ಅವಳ ಮಗ ಬಂದು ನೋಡಿದವನೇ ಗೆಳತಿಯ ಕೆನ್ನೆಗೆ ಬಾರಿಸಿದ. ಡ್ರಿಪ್ ಸ್ಟ್ಯಾಂಡಿಗೆ ಹಣೆ ಬಡಿದು ಗೆಳತಿ ಬಿದ್ದಳು. ಮೇಡಂ ಓಡಿ ಬಂದರು. ಜಡೆ ಹಿಡಿದು ಎಬ್ಬಿಸಿ, ಇನ್ನೊಂದು ಕೆನ್ನೆಗೆ ತಾವೇ ಹೊಡೆದರು.

"ಗೊತ್ತಿದ್ದೂ ಯಾಕ ಹೇಳ್ಲಿಲ್ಲ? ಹೇಳು!"

ಗೆಳತಿ ಬೆರಳ ಟೇಪ್ ಬಿಚ್ಚಿಟ್ಟು ಹೊರಟಳು. ಮರುದಿನ ಬರಲಿಲ್ಲ. ಈಗ ಕಮಲಾಪುರದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತಾಳೆ. ಆ ಹೆಂಗಸಿಗೆ ಮತ್ತೆ ಕುಡುಗೋಲು ಹಿಡಿಯಲು ಆಗಲಿಲ್ಲವೆಂದು ಕೇಳಿದೆ.

ನಾನು ಇಂದು ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವಾರ್ಡಿನಲ್ಲಿ ಹೇಗೆ ಕಲಿಸಬೇಕು ಎಂಬುದಕ್ಕೆ ಮಾನದಂಡ ಬರೆಯಲು ಮೊನ್ನೆ ಸಭೆ ಕರೆದಿದ್ದರು. ಅಧ್ಯಕ್ಷತೆ ಮೇಡಂದೇ. ನಾನು ಮುಂದಿಟ್ಟದ್ದು ಎರಡೇ ಸಾಲು: ಕಲಿಯುವವರ ಮೇಲೆ ಕೈ ಮಾಡುವಂತಿಲ್ಲ, 'ನನಗೆ ಆಗಲಿಲ್ಲ' ಎಂದವರ ಕೈಯಿಂದ ಸೂಜಿಯನ್ನು ಕಲಿಸುವವರೇ ಬೈಯದೆ ತೆಗೆದುಕೊಂಡು ಮಾಡಿ ತೋರಿಸಬೇಕು.

ಮೇಡಂ ನಕ್ಕರು. "ಭಾಳ ಮೆತ್ತಗಾತಲ್ಲ ಇದು? ಏಟು ಬೀಳ್ದ ಕೈ ಕುಂದರ್ತೈತೇನು? ಡಿಬೇಟ್‌ನಾಗ ಕಪ್ ತಂದಾಕಿ ನೀನು, ಮಾತು ಬರ್ತೈತಿ ನಿನಗ. ನಿನ್ನ ಕೈ ತಿದ್ದಿದಾಕಿನೂ ನಾನ, ಮರ್ತಿಯೇನು? ಮೊದಲನೇ ಸಾಲು ತಗಿ."

ಪಕ್ಕದವರು ಸಾಲು ಹೊಡೆದುಹಾಕಲು ಪೆನ್ನು ಎತ್ತಿದರು. ನಾನು ಬಲಗೈಯನ್ನು ಮೇಜಿನ ಮೇಲಿಟ್ಟೆ. ನಡುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

"ಮರ್ತಿಲ್ರಿ ಮೇಡಂ. ಸಾಲು ತಗಿಯೂದಕ್ಕ ಮುಂಚೆ ಒಂದ ಕೇಳ್ತೀನಿ. ಅವತ್ತು ಬುಕ್ಕಸಾಗರದಾಕಿ 'ನರ ಸಿಕ್ಕಿಲ್ರಿ' ಅಂತ ಖರೇನ ಹೇಳಿದ್ರ, ನಿಮ್ಮ ಜೇಬಿನಾಗಿಂದ ಏನು ಹೊರಗ ಬರ್ತಿತ್ರಿ?"