ರಿಬ್ಬನ್ನಿನ ಕಡಲಕಾಡು

ಆ ಬೆಳಿಗ್ಗೆಯೂ ಅಮ್ಮ ಎಂದಿನಂತೆ ಒಲೆಯ ಮೇಲೆ ಹಾಲಿಟ್ಟು, ನನ್ನ ಎರಡು ಜಡೆ ಮಡಿಸಿ ಹಸಿರು ರಿಬ್ಬನ್ ಕಟ್ಟಿದಳು. ಶಾಲೆಯಲ್ಲಿ ಲೀಲಾ ಟೀಚರ್ ಅದನ್ನು ಬಿಚ್ಚಿಸಿದರು. ನೋಡಿದರೆ ಇಡೀ ಕ್ಲಾಸಿನ ರಿಬ್ಬನ್‌ಗಳು ಅವರ ತೋಳಿನ ಮೇಲಿದ್ದವು.

ಚೌಳಹಿರಿಯೂರಿನಿಂದ ದಿನಾ ಬಸ್ಸಿನಲ್ಲಿ ಕಡೂರಿಗೆ ಬರುತ್ತಿದ್ದ ಟೀಚರ್ ಸಮುದ್ರವನ್ನೇ ಕಂಡವರಲ್ಲ. ಅವರ ಸೆರಗಿನ ತುದಿ ಯಾವಾಗಲೂ ಸೀಮೆಸುಣ್ಣದಿಂದ ಬೆಳ್ಳಗಿರುತ್ತಿತ್ತು. "ಯಾರು ಯಾರನ್ನ ತಿಂತಾರೆ, ಯಾರಿಂದ ಯಾರು ಉಳೀತಾರೆ, ಅಷ್ಟು ನೋಡ್ಕೊಳ್ರೇ. ವಿಜ್ಞಾನ ಬಂದ್ಬಿಡ್ತು" ಎನ್ನುತ್ತಿದ್ದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಆ ತಿಂಗಳು ಕೆಲಸ ಕಾಯಂ ಆಗುವುದರಲ್ಲಿತ್ತು.

ರಿಬ್ಬನ್‌ಗಳನ್ನು ತೊಲೆಯಿಂದ ಇಳಿಬಿಟ್ಟು, ಬುಡಕ್ಕೆ ಕಲ್ಲು ಕಟ್ಟಿದರು. ಅದು ಕೆಲ್ಪ್, ತೆಂಗಿನಮರದಷ್ಟು ಎತ್ತರಕ್ಕೆ ಬೆಳೆಯುವ ಕಡಲಪಾಚಿಯ ಕಾಡು. ನಾವೆಲ್ಲ ಅದರ ಬುಡ ಕಡಿಯುವ ಮುಳ್ಳುಚೆಂಡಿನಂಥ ಪ್ರಾಣಿಗಳು. ಗುರುತಿಗೆ ಕೈಯಲ್ಲೊಂದೊಂದು ಹರಳುಗಿಡದ ಮುಳ್ಳುಕಾಯಿ. ಶಾಲಾ ಸಮಿತಿಯ ಅಧ್ಯಕ್ಷರ ಮಗಳು ವಸಂತಾ ಕಡಲ ನೀರುನಾಯಿ. ನಮ್ಮನ್ನು ಹಿಡಿದು, ಕಾಯಿ ಕಿತ್ತುಕೊಂಡು, ಬೆಂಚಿನ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಸ್ಲೇಟಿಟ್ಟು ಜಜ್ಜುತ್ತಿದ್ದಳು.

"ಈಗ ತುಪ್ಪಳದ ಆಸೆಗೆ ಜನ ನೀರುನಾಯಿನ ಕೊಂದ್ರು. ಏಳೇ ವಸಂತಾ, ಮೂಲೆಗೆ ಹೋಗು."

ವಸಂತಾ ಮುಖ ಊದಿಸಿಕೊಂಡು ಹೋದಳು. ತಡೆಯುವವರಿಲ್ಲದೆ ನಾವು ಕಲ್ಲಿನ ಗಂಟುಗಳನ್ನೆಲ್ಲ ಬಿಚ್ಚಿದೆವು. ಬುಡ ತಪ್ಪಿದ ರಿಬ್ಬನ್‌ಗಳು ಕಿಟಕಿಯ ಗಾಳಿಗೆ ಹಾರಾಡಿ ಸಿಕ್ಕುಗಟ್ಟಿದವು.

"ಕಾಡು ಹೋಯ್ತು, ಮೀನಿನ ಮನೇನೂ ಹೋಯ್ತು. ಕೊಂದೋರಿಗೆ ಗೊತ್ತೇ ಆಗ್ಲಿಲ್ಲ ಕಣ್ರೇ" ಎಂದರು ಟೀಚರ್.

ಮೂಲೆಯಲ್ಲಿ ವಸಂತಾ ಜಜ್ಜಿದ ಕಾಯಿಯ ಬೀಜ ತಿಂದಿದ್ದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ವಾಂತಿ ಶುರುವಾಯಿತು. ಟೀಚರ್ ಅವಳನ್ನು ಹೊತ್ತುಕೊಂಡೇ ಡಾಕ್ಟರ ಬಳಿ ಓಡಿದರು. ಸುಧಾರಿಸಿಕೊಂಡ ವಸಂತಾ, ಯಾಕೆ ತಿಂದೆ ಎಂದಿದ್ದಕ್ಕೆ, "ನೀರುನಾಯಿ ತಿನ್ನುತ್ತಲ್ಲ!" ಎಂದಳಂತೆ.

ಶಾಲೆ ಬಿಡುವ ಹೊತ್ತಿಗೆ ಅಧ್ಯಕ್ಷರು ಅಂಗಳದಲ್ಲೇ ಕೂಗಾಡಿದರು. "ಮಕ್ಕಳಿಗೆ ವಿಷ ತಿನ್ಸೋ ಪಾಠ ಯಾವ ಪುಸ್ತಕದಲ್ಲಿದೆ ಕಣಮ್ಮಾ?"

"ಪುಸ್ತಕದಲ್ಲಿ ಇಲ್ಲ ಸರ್. ತಪ್ಪು ನಂದೇ."

"ನಾಳೆಯಿಂದ ಬರ್ಬೇಡಿ."

ಹೊರಡುವ ಮುನ್ನ ಟೀಚರ್ ಸಿಕ್ಕು ಬಿಡಿಸಿ, ಒಂದೊಂದೇ ರಿಬ್ಬನ್ ಮೂಸಿ, ಯಾರದೆಂದು ತಿಳಿದು ಅವರವರಿಗೇ ಕೊಟ್ಟರು. ನನ್ನದನ್ನು ಮೂಸಿ, "ನಿಮ್ಮಮ್ಮ ಹರಳೆಣ್ಣೆ ಜಾಸ್ತಿ ಹಚ್ತಾರೆ ಕಣೇ" ಎಂದರು. ನಗಲಿಲ್ಲ. ಬಸ್ಸು ಹತ್ತುವಾಗಲೂ ಸೆರಗಿನ ತುದಿ ಬೆಳ್ಳಗೇ ಇತ್ತು. ಮತ್ತೆ ಅವರನ್ನು ನಾನು ಕಾಣಲಿಲ್ಲ.

ಸಂಜೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಗೌರಮ್ಮ ಕೊಡ ಎತ್ತಿಕೊಳ್ಳುತ್ತ ಹೇಳಿದರು: "ಹೋದ್ರಂತಲ್ಲೇ ನಿಮ್ ಟೀಚರ್ರು? ಒಳ್ಳೇದೇ ಆಯ್ತು ಬಿಡು. ಆ ಪೀರಿಯಡ್‌ಗೆ ಇನ್ಮೇಲೆ ಹೊಲಿಗೆ ಕಲಿಸ್ತಾರಂತೆ. ನಂದೂ ಎರಡು ರವಿಕೆ ಹಂಗೇ ಬಿದ್ದಿವೆ ಕಣೇ."