ಹೊಳೆನರಸೀಪುರದಲ್ಲಿ ಓಡದ ಟಿ.ವಿ. ಗೇಮ್

ಅರಕಲಗೂಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕನ ಮಗಳಿಗೆ ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಕೊಳ್ಳೋಣವೆಂದು ಹೊಳೆನರಸೀಪುರದ ಬಸ್ ನಿಲ್ದಾಣದ ಎದುರಿನ ರೇಡಿಯೋ ಅಂಗಡಿಗೆ ಹೋದೆ. ಒಳಗೆ ಅಂಗಡಿಯವನ ತಾಯಿ ಅಕ್ಕಪಕ್ಕದ ಹೆಂಗಸರೊಂದಿಗೆ ಕುಳಿತು ಮಧ್ಯಾಹ್ನದ ಧಾರಾವಾಹಿ ನೋಡುತ್ತಿದ್ದರು. ಗಿರಾಕಿ ಬಂದನೆಂದು ಒಬ್ಬರೂ ತಿರುಗಲಿಲ್ಲ.

"ಅದು ಹಾಸನದಲ್ಲಿ ಓಡ್ತದೆ ಸಾ, ಇಲ್ಲಿ ಓಡಾಕಿಲ್ಲ," ಎಂದ ಅಂಗಡಿಯವನು.

"ಯಾಕಪ್ಪಾ, ಕರೆಂಟಿನ ತೊಂದರೆಯೇ?"

"ಕರೆಂಟ್ ಬ್ಯಾರೆ ಮಾತು ಬುಡಿ. ಹಾಸನದ ಕ್ವಾರ್ಟರ್ಸ್‌ನೋರು ಬಾಗಿಲು ಆಕ್ಕಂಡು ಆಡ್ತಾರೆ. ಇಲ್ಲಿ ಒಂದು ಟಿ.ವಿ. ಮುಂದೆ ಇಡೀ ಬೀದಿ ಕೂತಿರ್ತದೆ, ಮಕ್ಕಳ ಕೈಗೆ ಎಲ್ಲಿ ಸಿಕ್ತದೆ? ಮಾರಿದ್ದೆಲ್ಲ ವಾಪಸ್ ಬಂದ್ಬುಟ್ವು. ಏನಿದ್ರೂ ಸೆಲ್ ಆಕಿ ಕೈಲಿಟ್ಕಂಡು ಆಡೋದೇ ಕಣ್ ಸಾ ಇಲ್ಲಿ."

ಪುಟ್ಟ ಪರದೆಯಲ್ಲಿ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಆ ಆಟದ ಡಬ್ಬಿ ಗಾಜಿನ ಕಪಾಟಿನಲ್ಲಿ ಒಂದೇ ಉಳಿದಿತ್ತು. ಅದನ್ನೇ ಕೊಡು ಎಂದೆ. ಆತ ಅದನ್ನು ತೆಗೆದು ಸೆಲ್ ಹಾಕುತ್ತಿದ್ದಂತೆ ಕರೆಂಟ್ ಹೋಯಿತು.

ಹೆಂಗಸರು ಎದ್ದು ಮನೆಗೆ ಹೋಗುತ್ತಾರೆಂದುಕೊಂಡೆ. ಅವರು ಬಾಗಿಲ ಬೆಳಕಿಗೆ ಸರಿದು ಕೂತರು, ಅಷ್ಟೇ. ಒಬ್ಬಾಕೆ ಮಡಿಲಿನಿಂದ, ಇನ್ನೊಬ್ಬಾಕೆ ಹೂವಿನ ಬುಟ್ಟಿಯಿಂದ ಅಂಥದೇ ಡಬ್ಬಿ ತೆಗೆದು ಆಡತೊಡಗಿದರು. ತಾಯಿ ಹಿಂತಿರುಗಿ ನೋಡದೆಯೇ ಮಗನತ್ತ ಕೈ ಚಾಚಿದರು. ನನಗೆಂದು ತೆಗೆದದ್ದನ್ನು ಆತ ಆ ಕೈಯಲ್ಲಿಟ್ಟ.

ಆಮೇಲೆ ನನಗೊಂದು ಸ್ಟೂಲು ಎಳೆದುಕೊಟ್ಟು ಮೆಲ್ಲಗೆ ಹೇಳಿದ: "ಕರೆಂಟ್ ಬರೋಗಂಟ ಕೂತಿರಿ ಸಾ. ಈಗ ಕೇಳುದ್ರೆ ಅವ್ವ ಕೊಡಾಕಿಲ್ಲ."