ಫ್ರಿಜ್ಜಕ್ಕನ ಬೀಗದ ಕೈ

ಆಕೆಗೆ ಫ್ರಿಜ್ಜಕ್ಕ ಎಂಬ ಬಿರುದು ಬಂದದ್ದು ಸ್ವಭಾವದಿಂದಲ್ಲ. ಸ್ವಭಾವ ನೋಡಿದ್ದರೆ ಒಲೆಯಕ್ಕ ಎನ್ನಬೇಕಿತ್ತು. ಊರಿನ ತರಕಾರಿ ಬೆಳೆಗಾರರ ಸಂಘಕ್ಕೆ ಸರ್ಕಾರ ಒಂದು ಕೋಲ್ಡ್ ರೂಮು ಕೊಟ್ಟು, 'ಈ ಹಂಗಾಮು ನಡೆಸಿ ತೋರಿಸಿ, ಇಲ್ಲವಾದರೆ ಬೇರೆ ಊರಿಗೆ ಸಾಗಿಸುತ್ತೇವೆ' ಎಂದಿತ್ತು. ಅದನ್ನು ನೋಡಿಕೊಳ್ಳುವ ಕೆಲಸದ ಜೊತೆಗೆ ಅದರ ಬೀಗದ ಕೈಯೂ ಈಕೆಯ ಸೊಂಟ ಸೇರಿತು.

ಅಲ್ಲಿಯವರೆಗೆ ಕಿತ್ತ ಬೀನ್ಸ್‌ಗೆ ದಲ್ಲಾಳಿ ಸಂಜೆ ಬಾಯಿಗೆ ಬಂದ ಬೆಲೆ ಹೇಳುತ್ತಿದ್ದ. ಬಾಡುವ ಮಾಲನ್ನು ಎದುರಿಗಿಟ್ಟುಕೊಂಡು ಚೌಕಾಸಿ ಮಾಡುವ ಎದೆ ಯಾರಿಗಿತ್ತು? ಈಗ ಬೀನ್ಸ್ ತಣ್ಣಗಿದ್ದರೆ ಬೆಳೆದವರೂ ತಣ್ಣಗೆ ಕೂತು, ಪಟ್ಟಣದ ಲಾರಿಗೆ ಕಾಯಬಹುದಿತ್ತು.

ತಣ್ಣಗೆ ಕೂರುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರು. ಮಾಲು ಒಳಗಿಟ್ಟವರಿಗೆ ಮನೆಯಲ್ಲಿ ಜೀವ ನಿಲ್ಲದು. ಆಸ್ಪತ್ರೆಯಲ್ಲಿ ಮಲಗಿಸಿದ ನೆಂಟರನ್ನು ನೋಡಲು ಬಂದಂತೆ ಬರತೊಡಗಿದರು.

"ಒಂದ್ಸಲ ತೆಗಿಯಮ್ಮಾ, ಮುಖ ನೋಡ್ಕೊಂಡು ಹೋಗ್ತೀನಿ," ಎಂದ ಪಕ್ಕದ ಹೊಲದ ಮುದುಕ.

"ಬೀನ್ಸ್‌ಗೆ ಮುಖ ಎಲ್ಲಿದೆ ಮಾವಾ? ತೆಗೆದಷ್ಟೂ ಒಳಗಿನ ತಂಪು ಹೊರಗೆ ಹೋಗುತ್ತೆ."

"ಹೋಗ್ಲಿ ಬಿಡು, ಹೊರಗಿರೋ ನಾವೇನು ಪಾಪ ಮಾಡಿದ್ವಿ?"

ಎಲ್ಲರಿಗಿಂತ ದೊಡ್ಡ ಕಾಟ ಆಕೆಯ ಅತ್ತೆಯದು. ಉಪ್ಪಿನ ಡಬ್ಬಿಯನ್ನೂ ಸೊಸೆಯ ಕೈಗೆ ಕೊಡದ ಜೀವ, ಹೊಲದ ಬೀನ್ಸನ್ನು ನಂಬಿ ಬಿಟ್ಟೀತೇ? ಹೊತ್ತುಹೊತ್ತಿಗೂ ಬಂದು, ಬಾಗಿಲು ತೆಗೆಸಿ, ಕ್ರೇಟಿಗೆ ಕೈ ಹಾಕಿ, ಒಂದು ಕಾಯಿ ಮುರಿದು ನೋಡಿ ಹೋಗುತ್ತಿದ್ದಳು. ಕೋಣೆಯ ಗೋಡೆ ಬೆವರಿತು. ಬಾಗಿಲ ಬಳಿಯ ಕ್ರೇಟುಗಳು ಮೆತ್ತಗಾದವು.

ಸಂಘದ ಅಧ್ಯಕ್ಷ ಬಂದು ಮೂಸಿ ನೋಡಿದ. "ಲಾರಿ ನಾಡಿದ್ದು. ಮಾಲು ಹೋದ್ರೆ ರೂಮೂ ಹೋಯ್ತು, ನಿನ್ನ ಕೆಲಸಾನೂ ಹೋಯ್ತು. ಮತ್ತೆ ಆ ದಲ್ಲಾಳಿ ಕಾಲೇ ಗತಿ."

ಫ್ರಿಜ್ಜಕ್ಕ ಮನೆಗೆ ಹೋಗಿ, ಜಗಳ ಆಡಬೇಕೆಂದು ಬಾಯಿ ತೆಗೆದವಳು, ಬೀಗದ ಕೈ ಬಿಚ್ಚಿ ಅತ್ತೆಯ ಮುಂದಿಟ್ಟಳು. "ಅತ್ತೆ, ನನ್ನ ಕೈಲಿ ಆಗ್ತಿಲ್ಲ. ಲಾರಿ ಬರೋ ತನಕ ನೀವೇ ನೋಡ್ಕೊಳ್ಳಿ."

ಮರುದಿನ ಅತ್ತೆ ಬಾಗಿಲಿಗೇ ಬೆನ್ನು ಕೊಟ್ಟು ಕುರ್ಚಿ ಹಾಕಿದಳು. "ಒಳಗೆ ಯಾರೂ ಕೊನೇ ಉಸಿರು ಎಳೀತಿಲ್ಲ, ನಡೀರಿ ನಡೀರಿ!"

"ನಿನ್ನೆ ತನಕ ನೀನೇ ಮುರಿದು ಮುರಿದು ನೋಡ್ತಿದ್ಯಲ್ಲಕ್ಕ?" ಎಂದ ಪಕ್ಕದ ಹೊಲದ ಮುದುಕ.

"ನಿನ್ನೆ ಜವಾಬ್ದಾರಿ ನಂದಾಗಿರ್ಲಿಲ್ಲ."

ಅಧ್ಯಕ್ಷನಿಗೂ ಅದೇ ಮರ್ಯಾದೆ ಆಯಿತು. ಬೆನ್ನಿಗೆ ಥಂಡಿ ಹತ್ತಿ ಸೀನುತ್ತಿದ್ದರೂ ಮುದುಕಿ ಕುರ್ಚಿ ಬಿಡಲಿಲ್ಲ.

ಲಾರಿ ಬಂತು. ಪಟ್ಟಣದ ವ್ಯಾಪಾರಿ ಕಾಯಿ ಮುರಿದ, ಟಕ್ಕೆಂದಿತು. ಬಾಗಿಲ ಬಳಿಯ ಕ್ರೇಟುಗಳನ್ನು ಬದಿಗೆ ತಳ್ಳಿ, ಮಿಕ್ಕವನ್ನು ಎತ್ತಿಸಿದ. ಆ ದಿನ ಬೆಲೆಯನ್ನು ಮೊದಲು ಹೇಳಿದ್ದು ಊರಿನವರು. ಹೇಳಿ, ತಮ್ಮ ದನಿಗೆ ತಾವೇ ಬೆಚ್ಚಿದರು. ಕೋಣೆ ಊರಲ್ಲೇ ಉಳಿಯಿತು.

ಫ್ರಿಜ್ಜಕ್ಕ ನಗುತ್ತ ಕೈ ಚಾಚಿದಳು. "ಕೊಡಿ ಅತ್ತೆ, ಬೀಗದ ಕೈ."

ಅತ್ತೆ ಸೀನಿ, ಮೂಗೊರೆಸಿಕೊಂಡು, ಅದನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಒಳಗಿನ ಕೆಲಸ ನೀನು ನೋಡ್ಕೋ, ಬಾಗಿಲು ನಂಗಿರ್ಲಿ," ಎಂದಳು. "ಬೇಕಾದ್ರೆ ಉಪ್ಪಿನ ಡಬ್ಬಿ ನೀನೇ ಇಟ್ಕೋ."